ಬೆಳಗಾವಿಯಲ್ಲಿ ಕೂತು ಪುಟ್ಟ ವಿಮಾನ ಹಾರಿಸಲು ಕಲಿಯುವುದು: ಮೆಡಿಕಲ್ ತಪಾಸಣೆಯಿಂದ ಮೊದಲ ಪ್ರಯಾಣಿಕನವರೆಗೆ

ಬೆಳಗಾವಿಯ ವಿಮಾನ ನಿಲ್ದಾಣ ಇರುವ ಸಾಂಬ್ರಾದ ಸುತ್ತಮುತ್ತ ಹೊಲ ಇರುವವರಿಗೆ ಆ ಸದ್ದು ಗೊತ್ತು. ಬೆಳಿಗ್ಗೆ ಗುಂಯ್ ಅಂತ ಶುರುವಾಗುತ್ತದೆ. ಒಂದು ಪುಟ್ಟ ವಿಮಾನ ಏರುತ್ತದೆ, ದೊಡ್ಡದೊಂದು ಸುತ್ತು ಹಾಕಿ ಇಳಿಯುತ್ತದೆ, ಗಾಲಿ ನೆಲಕ್ಕೆ ತಾಗಿದ್ದೇ ತಡ ಮತ್ತೆ ಏರುತ್ತದೆ. ಮೊದಮೊದಲು ಜನ ಕುಡಗೋಲು ಕೆಳಗಿಟ್ಟು ನೋಡುತ್ತಿದ್ದರು. ಈಗ ಎಮ್ಮೆ ಕೂಡ ತಲೆ ಎತ್ತುವುದಿಲ್ಲ.

ನಾನು ಮಾತ್ರ ನೋಡುತ್ತಲೇ ಇದ್ದೆ. ನನ್ನದು ಪಂಪ್‌ಸೆಟ್ ರಿಪೇರಿ ಅಂಗಡಿ. ಎಂಜಿನ್ ಸದ್ದು ಕೇಳಿದರೆ ಕಿವಿ ತಾನಾಗಿ ಅತ್ತ ತಿರುಗುತ್ತದೆ. ಮೂವತ್ತಾರನೇ ವಯಸ್ಸಿನಲ್ಲಿ ಒಂದು ದಿನ, ಇದನ್ನು ನಾನೂ ಕಲಿಯಬಹುದಾ ಅಂತ ವಿಚಾರಿಸಲು ಹೋದೆ. ಕಲಿಯಬಹುದು ಅಂದರು. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಯಾರೂ ಸರಿಯಾಗಿ ಹೇಳಲಿಲ್ಲ. ಆ ಸರದಿ ತಪ್ಪಿಸಿಕೊಂಡೇ ನಾನು ಒಂದೂವರೆ ವರ್ಷ ಮತ್ತು ಒಂದಿಷ್ಟು ದುಡ್ಡು ಕಳೆದುಕೊಂಡೆ. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರಿಗೆ ವಿಮಾನ ಹೊಸದೇನಲ್ಲ. ಸಾಂಬ್ರಾ ನಿಲ್ದಾಣ ಕಟ್ಟಿದ್ದು 1942ರಲ್ಲಿ, ಎರಡನೇ ಮಹಾಯುದ್ಧದ ಹೊತ್ತಿಗೆ, ಬ್ರಿಟಿಷ್ ವಾಯುಪಡೆ. ಪಕ್ಕದಲ್ಲೇ ಭಾರತೀಯ ವಾಯುಪಡೆಯ ಏರ್‌ಮೆನ್ ಟ್ರೇನಿಂಗ್ ಸ್ಕೂಲ್ ಇದೆ. ಸಾಮಾನ್ಯ ಜನರಿಗೆ ಹಾರಾಟ ಕಲಿಸುವ ಶಾಲೆಗಳ ಮಾತು ಬಂದಿದ್ದು ಮಾತ್ರ ಇತ್ತೀಚೆಗೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಇಂಥ ಶಾಲೆಗಳಿಗಾಗಿ ದೇಶದಲ್ಲಿ ಐದು ನಿಲ್ದಾಣ ಆರಿಸಿತು: ಬೆಳಗಾವಿ, ಕಲಬುರಗಿ, ಜಲಗಾಂವ್, ಖಜುರಾಹೊ, ಲೀಲಾಬಾರಿ. ಅದಕ್ಕೂ ಮೊದಲು ಕಲಿಯಬೇಕೆಂದರೆ ಬೆಂಗಳೂರಿನ ಜಕ್ಕೂರಿಗೋ ಮಹಾರಾಷ್ಟ್ರದ ಬಾರಾಮತಿಗೋ ಹೋಗಬೇಕಿತ್ತು.

1. ನಿಮಗೆ ಬೇಕಾದ ಲೈಸೆನ್ಸ್ ಯಾವುದು

ಶಾಲೆಯ ಬಾಗಿಲಲ್ಲಿ ನಿಂತರೆ ಮೊದಲು ಕೇಳುವುದು, "ಸಿಪಿಎಲ್ ಮಾಡ್ತೀರಾ?" ಅಂತ. ಅದು ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ನೌಕರಿಯ ದಾರಿ. 200 ಗಂಟೆ ಹಾರಾಟ, ಹತ್ತಾರು ಲಕ್ಷ ಖರ್ಚು. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಬೇಕು ಅಂತ ಜನ ಹೇಳುವುದೂ ಇದರ ವಿಷಯವೇ.

ಹವ್ಯಾಸಕ್ಕೆ ಬೇಕಾದದ್ದು ಪಿಪಿಎಲ್, ಪ್ರೈವೇಟ್ ಪೈಲಟ್ ಲೈಸೆನ್ಸ್. ಹತ್ತನೇ ತರಗತಿ ಪಾಸಾಗಿದ್ದರೆ ಸಾಕು. ವಯಸ್ಸು 17 ತುಂಬಿರಬೇಕು. ಕನಿಷ್ಠ 40 ಗಂಟೆ ಹಾರಾಟ. ಇದಕ್ಕೂ ಮೊದಲ ಮೆಟ್ಟಿಲು ಎಸ್‌ಪಿಎಲ್, ಅಂದರೆ ಸ್ಟೂಡೆಂಟ್ ಪೈಲಟ್ ಲೈಸೆನ್ಸ್. ಅದನ್ನು 16ಕ್ಕೇ ತೆಗೆದುಕೊಳ್ಳಬಹುದು. ಪಿಪಿಎಲ್ ಇದ್ದವರು ದುಡ್ಡು ತೆಗೆದುಕೊಂಡು ಯಾರನ್ನೂ ಕರೆದೊಯ್ಯುವ ಹಾಗಿಲ್ಲ. ಗೆಳೆಯರನ್ನು, ಮನೆಯವರನ್ನು ಸುಮ್ನೆ ಕರೆದೊಯ್ಯಬಹುದು. ರಾತ್ರಿ ಹಾರಲು ಬೇರೆ ಅನುಮತಿ ಬೇಕು.

ಇಲ್ಲಿನ ಶಾಲೆಗಳ ತುಂಬ ಇರುವವರು ಸಿಪಿಎಲ್ ಹುಡುಗ ಹುಡುಗಿಯರೇ. ಅದಕ್ಕೆ ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿ: "ಬರೀ ಪಿಪಿಎಲ್‌ಗೆ ಸೇರಿಸಿಕೊಳ್ಳುತ್ತೀರಾ? ವಾರಕ್ಕೆ ಎಷ್ಟು ಸಲ ವಿಮಾನ ಸಿಗುತ್ತದೆ?" ಎರಡನೇ ಪ್ರಶ್ನೆಗೆ ತಡವರಿಸಿದರೆ ಎದ್ದು ಬನ್ನಿ.

2. ಮೆಡಿಕಲ್ ಆಗುವವರೆಗೆ ಜೇಬಿಗೆ ಕೈ ಹಾಕಬೇಡಿ

ನಾನು ಎಡವಿದ್ದೇ ಇಲ್ಲಿ. ಬೇರೆ ಊರಿನ ಒಂದು ಶಾಲೆಗೆ ಮೊದಲು ಅಡ್ವಾನ್ಸ್ ಕಟ್ಟಿದೆ. ಆಮೇಲೆ ಮೆಡಿಕಲ್‌ಗೆ ಹೋದೆ. ಬಿಪಿ ಜಾಸ್ತಿ ಬಂತು. ಆ ದಿನದ ಗಾಬರಿ ಅಷ್ಟೇ ಅಂದುಕೊಂಡೆ, ಆದರೆ ನಿಜವಾಗಿಯೂ ಬಿಪಿ ಇತ್ತು. ಔಷಧಿ, ಮತ್ತೆ ಪರೀಕ್ಷೆ, ಮತ್ತೆ ವರದಿ, ಹೀಗೆ ಏಳು ತಿಂಗಳು ಹೋಯಿತು. ಅಷ್ಟರಲ್ಲಿ ಆ ಶಾಲೆಯ ವಿಮಾನಗಳು ರಿಪೇರಿಗೆ ನಿಂತವು. ಅಡ್ವಾನ್ಸ್ ಅರ್ಧ ಮಾತ್ರ ವಾಪಸ್ ಬಂತು, ಅದೂ ಹತ್ತು ಸಲ ಫೋನ್ ಮಾಡಿದ ಮೇಲೆ.

ಪಿಪಿಎಲ್‌ಗೆ ಬೇಕಾದದ್ದು ಕ್ಲಾಸ್ 2 ಮೆಡಿಕಲ್. ಮನೆ ಹತ್ತಿರದ ಡಾಕ್ಟರು ಬರೆದುಕೊಟ್ಟರೆ ನಡೆಯುವುದಿಲ್ಲ. ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಒಪ್ಪಿದ ಪರೀಕ್ಷಕರ ಪಟ್ಟಿ ಇದೆ. ಆ ಪಟ್ಟಿಯಲ್ಲಿರುವವರ ಹತ್ತಿರವೇ ಹೋಗಬೇಕು. ಇಸಿಜಿ, ರಕ್ತ, ಮೂತ್ರ, ಕಿವಿ, ಕಣ್ಣು ಎಲ್ಲ ನೋಡುತ್ತಾರೆ. ಚಷ್ಮಾ ಇದ್ದರೆ ಚಿಂತೆ ಬೇಡ, ಚಷ್ಮಾ ಹಾಕಿಕೊಂಡು ಸರಿಯಾಗಿ ಕಂಡರೆ ಆಯಿತು. ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ ಮಾತ್ರ ಎಷ್ಟೋ ಜನ ಮೊದಲ ಸಲ ತಮ್ಮ ಕಣ್ಣಿನ ಗುಟ್ಟು ತಿಳಿದುಕೊಳ್ಳುತ್ತಾರೆ. ಚುಕ್ಕಿಗಳ ನಡುವೆ ಅಂಕಿ ಓದುವ ಆ ಪುಸ್ತಕವನ್ನು ಊರಿನ ಕಣ್ಣಿನ ಡಾಕ್ಟರ ಹತ್ತಿರ ಮೊದಲೇ ಒಮ್ಮೆ ತೋರಿಸಿಕೊಂಡು ಬಿಡಿ. ನೂರಿನ್ನೂರು ರೂಪಾಯಿ ಹೋದರೂ ದೊಡ್ಡ ನಷ್ಟ ತಪ್ಪುತ್ತದೆ.

3. ಹೆಸರಿನ ಸ್ಪೆಲಿಂಗ್

ನಗಬೇಡಿ, ಇದು ನಿಜವಾಗಿಯೂ ಒಂದು ಹೆಜ್ಜೆ.

ಡಿಜಿಸಿಎ ಕೆಲಸ ಈಗ ಇ-ಜಿಸಿಎ ಎಂಬ ಆನ್‌ಲೈನ್ ಪೋರ್ಟಲ್‌ನಲ್ಲಿ ನಡೆಯುತ್ತದೆ. ಪರೀಕ್ಷೆಗೆ ಕೂರಲು ಮೊದಲು ಕಂಪ್ಯೂಟರ್ ನಂಬರ್ ಅಂತ ಒಂದು ಸಂಖ್ಯೆ ಪಡೆಯಬೇಕು. ಅದಕ್ಕೆ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಆಧಾರ್ ಇವೆಲ್ಲ ಒಂದಕ್ಕೊಂದು ಹೊಂದಬೇಕು. ನಮ್ಮ ಕಡೆ ಹೆಸರುಗಳ ಕತೆ ನಿಮಗೆ ಗೊತ್ತೇ ಇದೆ. ಮಾರ್ಕ್ಸ್ ಕಾರ್ಡಿನಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ. ಒಂದರಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಒಂದಕ್ಷರ. ಪಾಟೀಲ ಎಂಬ ಮೂರಕ್ಷರವನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದೋ ಅಷ್ಟೂ ಬಗೆ ನಮ್ಮ ಒಂದೇ ಮನೆಯ ಕಾಗದಗಳಲ್ಲಿ ಇವೆ. ಮೆಡಿಕಲ್‌ಗೆ ದಿನ ಗೊತ್ತಾಗುವಷ್ಟರಲ್ಲಿ ಇದನ್ನು ತಿದ್ದಿಸಿಕೊಳ್ಳಿ. ಜೊತೆಗೆ ಪೊಲೀಸ್ ಪರಿಶೀಲನೆಯೂ ಇರುತ್ತದೆ. ವಿಮಾನ ನಿಲ್ದಾಣದ ಒಳಗೆ ಓಡಾಡುವವರಲ್ಲವಾ ನಾವು, ಅದು ಬೇಕಾದದ್ದೇ.

4. ಲೆಕ್ಕ, ಮತ್ತು ಯಾವ ತಿಂಗಳು ಸೇರಬೇಕು

ಶುಲ್ಕ ಶಾಲೆಯಿಂದ ಶಾಲೆಗೆ ಬೇರೆ. ಲೆಕ್ಕ ಹಾಕುವ ರೀತಿ ಹೇಳುತ್ತೇನೆ. ಗಂಟೆಗೆ 15 ಸಾವಿರ ಅಂತ ಇಟ್ಟುಕೊಳ್ಳಿ. 40 ಗಂಟೆಗೆ 6 ಲಕ್ಷ. ಆದರೆ 40 ಎಂಬುದು ಕಾನೂನಿನ ಕನಿಷ್ಠ. ಅಂಗಡಿ, ಸಂಸಾರ ಇರುವವರು ಅಷ್ಟರಲ್ಲಿ ಮುಗಿಸುವುದು ಕಡಿಮೆ. 55 ಗಂಟೆ ಅಂತಲೇ ದುಡ್ಡು ಎತ್ತಿಡಿ. ಅದರ ಮೇಲೆ ಗ್ರೌಂಡ್ ಕ್ಲಾಸ್, ಪರೀಕ್ಷೆ, ಮೆಡಿಕಲ್, ಹೆಡ್‌ಸೆಟ್. ಪೂರ್ತಿ ಹಣ ಒಂದೇ ಸಲ ಕಟ್ಟಿದರೆ ರಿಯಾಯಿತಿ ಅಂದರೆ ಕೈ ಮುಗಿದು, ಹತ್ತು ಗಂಟೆಗಾಗುವಷ್ಟು ಮಾತ್ರ ಕಟ್ಟಿ.

ತಿಂಗಳಿಗೊಂದು ಭಾನುವಾರ ಹೋಗಿ ಕಲಿಯುತ್ತೇನೆ ಅನ್ನುವವರಿಗೆ ನನ್ನ ಸಲಹೆ: ಬೇಡ. ಕೈಗೆ ಬಂದ ರೂಢಿ ಎರಡು ವಾರದಲ್ಲಿ ಹೋಗಿಬಿಡುತ್ತದೆ. ಮುಂದಿನ ಸಲ ಅರ್ಧ ಗಂಟೆ ಹಳೆಯದನ್ನು ನೆನಪಿಸಿಕೊಳ್ಳುವುದರಲ್ಲೇ ಕಳೆಯುತ್ತದೆ, ಅದಕ್ಕೂ ಬಿಲ್ ಆಗುತ್ತದೆ. ವಾರಕ್ಕೆ ಮೂರು ಸಲದಂತೆ ಎರಡು ಮೂರು ತಿಂಗಳು ಬಿಡದೆ ಹಾರುವುದು ಅಗ್ಗ.

ಆ ಎರಡು ಮೂರು ತಿಂಗಳು ಯಾವುವು? ಬೆಳಗಾವಿಯಲ್ಲಾದರೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಕಡೆಯಿಂದ ಮೋಡ ನೆಲಕ್ಕೇ ಇಳಿದಿರುತ್ತದೆ, ಜಿಟಿಜಿಟಿ ನಿಲ್ಲುವುದಿಲ್ಲ. ಕಣ್ಣಿಗೆ ಕಂಡಂತೆ ಹಾರಬೇಕಾದ ಕಲಿಕೆಯವರಿಗೆ ಆ ನಾಲ್ಕು ತಿಂಗಳು ಪುಸ್ತಕದ ಕಾಲ. ಏಪ್ರಿಲ್, ಮೇ ಮಧ್ಯಾಹ್ನ ಗುಡುಗಿನ ಮೋಡ ಕಟ್ಟುತ್ತದೆ. ಚಳಿಗಾಲದಲ್ಲೂ ಕೆಲವು ದಿನ ಮಂಜು ಎದ್ದು ಹೋಗುವವರೆಗೆ ಚಹಾ ಕುಡಿಯುತ್ತ ಕೂರಬೇಕು. ಅಂದರೆ ಸರದಿ ಹೀಗೆ: ಬೇಸಿಗೆಯಲ್ಲಿ ಮೆಡಿಕಲ್ ಮತ್ತು ಕಾಗದ, ಮಳೆಗಾಲದಲ್ಲಿ ಓದು, ದೀಪಾವಳಿ ಹೊತ್ತಿಗೆ ಆಕಾಶ.

5. ಓದು

ಎಸ್‌ಪಿಎಲ್‌ಗೆ ಶಾಲೆಯಲ್ಲೇ ಪರೀಕ್ಷೆ ನಡೆಯುತ್ತದೆ: ನಿಯಮಗಳು, ದಿಕ್ಕು ದಾರಿಯ ಲೆಕ್ಕ, ಹವಾಮಾನ, ವಿಮಾನ ಮತ್ತು ಎಂಜಿನ್. ಪಿಪಿಎಲ್‌ಗೆ ಡಿಜಿಸಿಎ ಪರೀಕ್ಷೆ, ಪಾಸಾಗಲು ನೂರಕ್ಕೆ 70. ಪುಸ್ತಕವೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ನನಗೆ ಮೊದಲ ತಿಂಗಳು ತಲೆನೋವೇ ಬಂತು. ಆಮೇಲೆ ಒಂದು ಉಪಾಯ ಹಿಡಿದೆ. ಪ್ರತಿ ಪಾಠವನ್ನು ಅಂಗಡಿಯ ಹುಡುಗನಿಗೆ ಕನ್ನಡದಲ್ಲಿ ಹೇಳಿಕೊಡುವುದು. ಅವನಿಗೆ ತಿಳಿಯದಿದ್ದರೆ ನನಗೂ ತಿಳಿದಿಲ್ಲ ಅಂತ ಅರ್ಥ.

ರೇಡಿಯೋ ಪರೀಕ್ಷೆ ಬೇರೆ. ಮೊದಲು ಅದನ್ನು ದೂರಸಂಪರ್ಕ ಇಲಾಖೆ ನಡೆಸುತ್ತಿತ್ತು. 2024ರ ಭಾರತೀಯ ವಾಯುಯಾನ ಅಧಿನಿಯಮ ಅದನ್ನು ಡಿಜಿಸಿಎಗೆ ಒಪ್ಪಿಸಿತು. ನಿಮ್ಮ ಇಂಗ್ಲಿಷ್ ಉಚ್ಚಾರ ಹೇಗಿದೆ ಅಂತ ಹೆದರಬೇಡಿ. ಅಲ್ಲಿ ಬೇಕಾದದ್ದು ನಿಧಾನ, ಸ್ಪಷ್ಟ, ಚುಟುಕು. ನಮ್ಮ ವಿಮಾನಗಳ ಹೆಸರೆಲ್ಲ ವಿಟಿ ಎಂದು ಶುರುವಾಗುತ್ತವೆ, ಅದನ್ನು "ವಿಕ್ಟರ್ ಟ್ಯಾಂಗೋ" ಅನ್ನಬೇಕು. ಟವರ್, ಅಂದರೆ ನಿಲ್ದಾಣದ ನಿಯಂತ್ರಣ ಕೇಂದ್ರ, ಹೇಳಿದ ಮುಖ್ಯ ಮಾತನ್ನು ತಿರುಗಿ ಹೇಳಬೇಕು. ಎಪಿಎಂಸಿ ಹರಾಜಿನಲ್ಲಿ ಕೂಗಿದ ರೇಟು ಕೇಳಿಸಿಕೊಂಡು ವಾಪಸ್ ಕೂಗುವವರಿಗೆ ಇದು ಕಷ್ಟವೇ ಅಲ್ಲ. ನಾನು ಬೈಕ್ ಓಡಿಸುತ್ತ, ಹೆಲ್ಮೆಟ್ ಒಳಗೆ ಇದನ್ನೇ ಅಭ್ಯಾಸ ಮಾಡುತ್ತಿದ್ದೆ.

6. ಹಾರುವ ಮುಂಚಿನ ಇಪ್ಪತ್ತು ನಿಮಿಷ

ಇಲ್ಲಿ ಸ್ವಲ್ಪ ನಿಲ್ಲೋಣ. ನನಗೆ ಇಡೀ ಹವ್ಯಾಸದಲ್ಲಿ ಇಷ್ಟವಾದ ಭಾಗ ಇದೇ.

ನಾನು ಹೆಚ್ಚಾಗಿ ಹಾರಿದ್ದು ಸೆಸ್ನಾ 152. ಎರಡೇ ಸೀಟು. ಲೈಕಮಿಂಗ್ ಎಂಜಿನ್, 110 ಹಾರ್ಸ್‌ಪವರ್. ಭುಜಕ್ಕೆ ಭುಜ ತಾಗಿಸಿಕೊಂಡು ಕೂರಬೇಕು. ಹತ್ತುವ ಮೊದಲು ಸುತ್ತ ಒಂದು ಪ್ರದಕ್ಷಿಣೆ, ಕೈಯಲ್ಲಿ ಚೆಕ್‌ಲಿಸ್ಟ್. ಬಾಯಿಪಾಠ ಬಂದರೂ ಚೆಕ್‌ಲಿಸ್ಟ್ ಓದಿಯೇ ಮಾಡಬೇಕು.

ಕೈಯಲ್ಲಿ ಒಂದು ಪಾರದರ್ಶಕ ಲೋಟ ಇರುತ್ತದೆ, ಮೇಲೆ ಸಣ್ಣ ಕಡ್ಡಿ. ರೆಕ್ಕೆಯ ಕೆಳಗಿನ ವಾಲ್ವಿಗೆ ಅದನ್ನು ಒತ್ತಿದರೆ ಟ್ಯಾಂಕಿನ ತಳದ ಇಂಧನ ಲೋಟಕ್ಕೆ ಬರುತ್ತದೆ. ಆವ್‌ಗ್ಯಾಸ್ 100 ಎಲ್‌ಎಲ್ ಎಂಬ ವಿಮಾನದ ಪೆಟ್ರೋಲ್, ತಿಳಿ ನೀಲಿ ಬಣ್ಣ. ಲೋಟ ಎತ್ತಿ ಆಕಾಶಕ್ಕೆ ಹಿಡಿದು ನೋಡಬೇಕು. ನೀರು ಸೇರಿದ್ದರೆ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯ ಹಾಗೆ ಕೂತಿರುತ್ತದೆ, ಏಕೆಂದರೆ ನೀರು ಪೆಟ್ರೋಲಿಗಿಂತ ಭಾರ. ಮಳೆಗಾಲ ಮುಗಿದ ಹೊಸತರಲ್ಲಿ ಒಂದು ದಿನ ನನಗೆ ಕಡಲೆಕಾಳಿನಷ್ಟು ನೀರು ಕಂಡಿತು. ಚೆಲ್ಲಿ ಮತ್ತೆ ಹಿಡಿದೆ, ಮತ್ತೆ ಸ್ವಲ್ಪ ಬಂತು. ನಾಲ್ಕನೇ ಲೋಟ ಪೂರ್ತಿ ನೀಲಿ. ಲೋಟ ತುಂಬ ನೀಲಿ ಬಣ್ಣವೇ ಕಾಣದೆ ಎಲ್ಲ ತಿಳಿಯಾಗಿದ್ದರೆ ಖುಷಿಪಡಬೇಡಿ, ಇಡೀ ಲೋಟ ನೀರೇ ಇರಬಹುದು. ಮೂಸಿ ನೋಡಿ.

ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡುವುದು, ಟೈರ್, ಬ್ರೇಕ್, ಪ್ರೊಪೆಲ್ಲರ್ ಅಂಚಿನಲ್ಲಿ ಕಲ್ಲು ಹೊಡೆದ ಗುರುತು, ರೆಕ್ಕೆಯ ತುದಿಯ ಕೀಲುಗಳು. ಎಂಜಿನ್ ಮುಂದಿನ ಗಾಳಿ ತೂತಿನಲ್ಲಿ ಹಕ್ಕಿ ಗೂಡು ಕಟ್ಟಿದೆಯಾ ಅಂತಲೂ ಇಣುಕಬೇಕು. ಎರಡು ದಿನ ನಿಂತ ವಿಮಾನದಲ್ಲಿ ಗುಬ್ಬಿಗಳು ಹುಲ್ಲು ತಂದು ತುರುಕಿರುತ್ತವೆ.

ಸ್ಟಾರ್ಟ್ ಆದ ಮೇಲೆ ಮ್ಯಾಗ್ನೆಟೊ ಪರೀಕ್ಷೆ. ಹಳೆಯ ಸ್ಕೂಟರ್ ರಿಪೇರಿ ಮಾಡಿದವರಿಗೆ ಮ್ಯಾಗ್ನೆಟೊ ಗೊತ್ತು. ಬ್ಯಾಟರಿ ಸತ್ತರೂ ಕಿಡಿ ಹುಟ್ಟಿಸುತ್ತದೆ. ವಿಮಾನದಲ್ಲಿ ಎರಡು ಮ್ಯಾಗ್ನೆಟೊ, ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್. 1700 ಆರ್‌ಪಿಎಂಗೆ ಏರಿಸಿ ಒಂದೊಂದನ್ನೇ ಆರಿಸಿ ನೋಡಬೇಕು. 125ಕ್ಕಿಂತ ಜಾಸ್ತಿ ಇಳಿಯಬಾರದು. ಆರಿಸಿದಾಗ ಸ್ವಲ್ಪವೂ ಇಳಿಯದಿದ್ದರೂ ತೊಂದರೆಯೇ. ಅದು ನಿಜವಾಗಿ ಆಫ್ ಆಗುತ್ತಿಲ್ಲ ಅಂತ ಅರ್ಥ. ಅಂಥ ಎಂಜಿನ್ ಕೀಲಿ ತೆಗೆದ ಮೇಲೂ, ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿದರೆ ಚಾಲೂ ಆಗಬಹುದು. ನಿಂತ ಪ್ರೊಪೆಲ್ಲರ್ ಹತ್ತಿರವೂ ಸುಳಿಯಬೇಡಿ ಅನ್ನುವುದು ಇದಕ್ಕೇ.

ಕಾರ್ಬುರೇಟರ್ ಇರುವ ವಿಮಾನವಾದರೆ ಇನ್ನೊಂದು ವಿಷಯ. ಪೆಟ್ರೋಲ್ ಆವಿಯಾಗುವಾಗ, ಗಾಳಿ ಇಕ್ಕಟ್ಟಿನಲ್ಲಿ ನುಗ್ಗುವಾಗ ಒಳಗೆ ಉಷ್ಣತೆ ಎಷ್ಟು ಇಳಿಯುತ್ತದೆಂದರೆ ಮಂಜುಗಡ್ಡೆ ಕಟ್ಟುತ್ತದೆ. ಹಿಮಾಲಯದಲ್ಲಿ ಅಲ್ಲ, 20-22 ಡಿಗ್ರಿಯ ತೇವದ ಬೆಳಗಾವಿ ಬೆಳಗಿನಲ್ಲೇ. ಆರ್‌ಪಿಎಂ ಸದ್ದಿಲ್ಲದೆ ಇಳಿಯತೊಡಗಿದರೆ ಕಾರ್ಬ್ ಹೀಟ್ ಗುಂಡಿಯನ್ನು ಪೂರ್ತಿ ಎಳೆಯಿರಿ. ಮೊದಲು ಎಂಜಿನ್ ಇನ್ನೂ ಕೆಮ್ಮುತ್ತದೆ, ಗಡ್ಡೆ ಕರಗಿ ನೀರು ಒಳಗೆ ಹೋಗುತ್ತಿರುತ್ತದೆ. ಹೆದರಿ ಗುಂಡಿ ವಾಪಸ್ ಒತ್ತಬೇಡಿ. ಸ್ವಲ್ಪ ಹೊತ್ತಿಗೆ ಸದ್ದು ಸರಿಹೋಗುತ್ತದೆ.

7. ಮೊದಲ ಪಾಠಗಳು

ಸ್ಟೀರಿಂಗ್ ಇದೆ ಅಂತ ಕಾರಿನ ಹಾಗೆ ತಿರುಗಿಸಲು ಹೋಗಬೇಡಿ. ನೆಲದ ಮೇಲೆ ಓಡಿಸುವುದು ಕಾಲಿನಿಂದ. ಮೊದಲ ದಿನ ನಾನು ಹಳದಿ ಗೆರೆಯ ಎರಡೂ ಕಡೆ ಹಾವಿನ ಹಾಗೆ ಹರಿದಾಡಿದೆ. ಟ್ರ್ಯಾಕ್ಟರ್ ಓಡಿಸಿದವರು ಬೇಗ ಕಲಿಯುತ್ತಾರೆ, ಅವರಿಗೆ ಎಡ ಬಲ ಬ್ರೇಕ್ ಬೇರೆ ಬೇರೆ ತುಳಿದು ರೂಢಿ.

ಏರುವಾಗ ವಿಮಾನ ಎಡಕ್ಕೆ ಎಳೆಯುತ್ತದೆ. ಪ್ರೊಪೆಲ್ಲರ್ ತಿರುಗುವ ದಿಕ್ಕಿನಿಂದ ಬರುವ ಗುಣ ಅದು. ಬಾಲದ ರಡ್ಡರ್ ತಿರುಗಿಸುವ ಪೆಡಲ್ ಮೇಲೆ ಬಲಗಾಲು ಒತ್ತಿ ಹಿಡಿಯಬೇಕು. ಮೊದಲ ಹತ್ತು ಗಂಟೆ ಇನ್‌ಸ್ಟ್ರಕ್ಟರ್ ಬಾಯಲ್ಲಿ ನೀವು ಅತಿ ಹೆಚ್ಚು ಕೇಳುವ ಮಾತು "ರೈಟ್ ರಡ್ಡರ್". ನನಗೆ ಅದು ಕನಸಲ್ಲೂ ಕೇಳಿಸುತ್ತಿತ್ತು.

ಆಮೇಲೆ ಸ್ಟಾಲ್. ಹೆಸರು ಕೇಳಿ ಎಂಜಿನ್ ನಿಲ್ಲುವುದು ಅಂದುಕೊಳ್ಳುತ್ತಾರೆ, ಅದಲ್ಲ. ರೆಕ್ಕೆ ಗಾಳಿಗೆ ಜಾಸ್ತಿ ಓರೆಯಾದಾಗ ಅದರ ಮೇಲಿನ ಗಾಳಿಯ ಹರಿವು ಕಿತ್ತುಹೋಗಿ, ಎತ್ತುವ ಬಲ ಬಿದ್ದುಹೋಗುವುದು. ಎತ್ತರದಲ್ಲಿ ಬೇಕೆಂದೇ ಮಾಡಿಸಿ ಕಲಿಸುತ್ತಾರೆ. ಮೂಗು ಏರುತ್ತ ಹೋಗುತ್ತದೆ, ಸದ್ದು ಕಡಿಮೆಯಾಗುತ್ತದೆ, ಪೀಪಿ ಊದಿದ ಹಾಗೆ ಎಚ್ಚರಿಕೆ ಕೇಳುತ್ತದೆ, ಆಮೇಲೆ ಮೂಗು ಧೊಪ್ ಅಂತ ಕೆಳಗೆ. ಕೈ ತಾನಾಗಿ ಹಿಂದೆ ಎಳೆಯಲು ಹೋಗುತ್ತದೆ. ಮಾಡಬೇಕಾದದ್ದು ಮುಂದೆ ಬಿಡುವುದು. ಈ ಒಂದು ಹುಟ್ಟುಗುಣ ಬಿಡಿಸಲಿಕ್ಕೇ ನನಗೆ ಮೂರು ಪಾಠ ಬೇಕಾಯಿತು.

8. ಬೆಳಗಾವಿಯ ಬಿಸಿಲು

ನಮ್ಮ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2500 ಅಡಿ ಮೇಲಿದೆ. ಆ ಎತ್ತರದಲ್ಲಿ ಪುಸ್ತಕದ ಪ್ರಕಾರ ಇರಬೇಕಾದ ಉಷ್ಣತೆ 10 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಎಷ್ಟಿರುತ್ತದೆ? 36 ಅನ್ನೋಣ. ವ್ಯತ್ಯಾಸ 26. ಪ್ರತಿ ಡಿಗ್ರಿಗೆ 120 ಅಡಿ ಸೇರಿಸಬೇಕು. 26ನ್ನು 120ರಿಂದ ಗುಣಿಸಿದರೆ 3120. ಒಟ್ಟು 5600 ಅಡಿ ಹತ್ತಿರ. ನೀವು ಸಾಂಬ್ರಾದಲ್ಲೇ ನಿಂತಿದ್ದೀರಿ, ಆದರೆ ವಿಮಾನಕ್ಕೆ 5600 ಅಡಿ ಬೆಟ್ಟದ ಮೇಲೆ ನಿಂತ ಹಾಗೆ. ಗಾಳಿ ತೆಳು. ರೆಕ್ಕೆಗೂ ಕಡಿಮೆ, ಪ್ರೊಪೆಲ್ಲರಿಗೂ ಕಡಿಮೆ, ಎಂಜಿನ್ ಉಸಿರಿಗೂ ಕಡಿಮೆ. ಸಮುದ್ರಮಟ್ಟದಲ್ಲಿ ನಿಮಿಷಕ್ಕೆ 715 ಅಡಿ ಏರುವ ಸೆಸ್ನಾ 152, ತುಂಬು ತೂಕದಲ್ಲಿ ಅವತ್ತು 500ನ್ನೂ ಮುಟ್ಟುವುದಿಲ್ಲ.

ರನ್‌ವೇ 2300 ಮೀಟರ್ ಉದ್ದವಿದೆ, ನೆಲ ಬಿಡಲು ಜಾಗ ಸಾಲದೆ ಹೋಗುವುದಿಲ್ಲ. ಆದರೆ ನೆಲ ಬಿಟ್ಟ ಮೇಲೆ ಏರುವುದೇ ಇಲ್ಲವೇನೋ ಅನ್ನಿಸುತ್ತದೆ. ಜೊತೆಗೆ ಕಾದ ಎರೆಹೊಲದಿಂದ ಬಿಸಿಗಾಳಿ ಏಳುತ್ತದೆ, ಪಕ್ಕದ ನೀರು ತುಂಬಿದ ಕಬ್ಬಿನ ಗದ್ದೆಯ ಮೇಲೆ ಏಳುವುದಿಲ್ಲ. ಒಂದೊಂದು ಹೊಲ ದಾಟಿದಾಗಲೂ ಎತ್ತಿನ ಗಾಡಿ ಗುಂಡಿಗೆ ಬಿದ್ದ ಹಾಗೆ ಕುಲುಕು. ಬೆಳಗಿನ ಸರದಿಗೇ ಹೆಸರು ಬರೆಸಿ.

9. ಇಳಿಯುವುದು

ರನ್‌ವೇಯ ಸುತ್ತ ಆಯತದ ಆಕಾರದಲ್ಲಿ, ನೆಲದಿಂದ ಸಾವಿರ ಅಡಿ ಮೇಲೆ ಸುತ್ತುವುದಕ್ಕೆ ಸರ್ಕ್ಯೂಟ್ ಅನ್ನುತ್ತಾರೆ. ಹೊಲದವರು ನೋಡುವ ಸುತ್ತು ಅದೇ. ಒಂದು ಸುತ್ತಿಗೆ ಆರೇಳು ನಿಮಿಷ. ಅದನ್ನು ನೂರು ಸಲ ಮಾಡುತ್ತೀರಿ, ಬೇಸರವೂ ಆಗುತ್ತದೆ.

ಬೆಳಗಾವಿಯ ರನ್‌ವೇ ಸಂಖ್ಯೆ ಒಂದು ತುದಿಯಲ್ಲಿ 08, ಇನ್ನೊಂದು ತುದಿಯಲ್ಲಿ 26. ಅಂದರೆ 80 ಡಿಗ್ರಿ ಮತ್ತು 260 ಡಿಗ್ರಿ, ಸರಿಸುಮಾರು ಪೂರ್ವ ಪಶ್ಚಿಮ. ಗಾಳಿಗೆ ಎದುರಾಗಿಯೇ ಇಳಿಯಬೇಕು. ಗಾಳಿ 290 ಡಿಗ್ರಿಯಿಂದ 16 ನಾಟ್ ಬೀಸುತ್ತಿದೆ ಅಂತ ಟವರ್ ಹೇಳಿತು ಅನ್ನಿ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿಲೋಮೀಟರ್). 26ಕ್ಕೂ ಅದಕ್ಕೂ 30 ಡಿಗ್ರಿ ಅಂತರ. 30 ಡಿಗ್ರಿಗೆ ಅರ್ಧ ಅಂತ ನೆನಪಿಡಿ: ಅಡ್ಡಗಾಳಿ 8 ನಾಟ್. ಸೆಸ್ನಾ 152ರ ಪುಸ್ತಕದಲ್ಲಿ ತೋರಿಸಿದ ಅಡ್ಡಗಾಳಿ 12 ನಾಟ್. ಕಲಿಯುವವರಿಗೆ 8 ಕೂಡ ಕೈತುಂಬ ಕೆಲಸ. ಮೇಲಿದ್ದಾಗ ಗಾಳಿಯ ದಿಕ್ಕು ತಿಳಿಯಲು ಸಕ್ಕರೆ ಕಾರ್ಖಾನೆಯ ಚಿಮಣಿ ಹೊಗೆ ನೋಡಿ. ಕಬ್ಬಿನ ರವದಿ ಸುಡುವ ಕಾಲದಲ್ಲಿ ಹೊಲಕ್ಕೊಂದು ಗುರುತು ಸಿಗುತ್ತದೆ. ಆ ಹೊಗೆಯೇ ಮಬ್ಬು ಕವಿಸಿ ದೂರದ್ದು ಕಾಣದಂತೆಯೂ ಮಾಡುತ್ತದೆ.

ಕೊನೆಯ ನೇರ ದಾರಿಯಲ್ಲಿ 60 ನಾಟ್ ಆಸುಪಾಸು ಹಿಡಿಯಬೇಕು. ಮೂಗಿನಿಂದ ವೇಗ, ಥ್ರಾಟಲ್‌ನಿಂದ, ಅಂದರೆ ಎಂಜಿನ್ ಶಕ್ತಿಯಿಂದ, ಇಳಿಯುವ ದರ. ಕೆಳಗೆ ಬಂದುಬಿಟ್ಟೆ ಅನ್ನಿಸಿದರೆ ಮೂಗು ಎತ್ತಬೇಡಿ, ಥ್ರಾಟಲ್ ಕೊಡಿ.

ನಾನು ಇಪ್ಪತ್ತು ಸಲ ಕೆಟ್ಟದಾಗಿ ಇಳಿದ ಮೇಲೆ ಇನ್‌ಸ್ಟ್ರಕ್ಟರ್ ಒಂದೇ ಪ್ರಶ್ನೆ ಕೇಳಿದರು: "ಎಲ್ಲಿ ನೋಡ್ತಿದ್ದೀರಿ?" ನಾನು ಗಾಲಿ ತಾಗುವ ಜಾಗ ನೋಡುತ್ತಿದ್ದೆ. ಅದು ಕಣ್ಣೆದುರು ಓಡುತ್ತಿರುತ್ತದೆ, ಎತ್ತರ ತಿಳಿಯುವುದಿಲ್ಲ. ನೆಲ ಹತ್ತಿರ ಬಂದಾಗ ಕಣ್ಣನ್ನು ರನ್‌ವೇಯ ಆ ಕೊನೆಗೆ ಒಯ್ಯಬೇಕು. ಆಗ ಎರಡೂ ಬದಿಯ ಅಂಚುಗಳು ಅಗಲವಾಗುತ್ತ ಕಿವಿಯ ತನಕ ಏರಿ ಬಂದ ಹಾಗೆ ಕಾಣುತ್ತವೆ. ಅದೇ ಹೊತ್ತಿಗೆ ಥ್ರಾಟಲ್ ಮುಚ್ಚಿ, ಮೂಗನ್ನು ಮೆಲ್ಲಗೆ ಎತ್ತುತ್ತ, ವಿಮಾನವನ್ನು ನೆಲಕ್ಕೆ ತಾಗಿಸದೆ ಹಿಡಿದಿಡಲು ನೋಡಿ. ಅದು ತಾನಾಗಿ ಸುಸ್ತಾಗಿ ಹಿಂದಿನ ಎರಡು ಗಾಲಿಗಳ ಮೇಲೆ ಕೂರುತ್ತದೆ. ಪುಟಿದರೆ? ಸರಿಮಾಡಲು ಹೋಗಬೇಡಿ. ಪೂರ್ತಿ ಥ್ರಾಟಲ್ ಕೊಟ್ಟು, ಏರಿ ಇನ್ನೊಂದು ಸುತ್ತು ಬನ್ನಿ. ಮೂಗಿನ ಗಾಲಿ ಮುರಿಯುವುದು ಮೊದಲ ಪುಟಿತಕ್ಕಲ್ಲ, ಅದನ್ನು ಅದುಮಿ ಹಿಡಿಯಲು ಹೋದಾಗ.

10. ಎಂಜಿನ್ ನಿಂತರೆ ಯಾವ ಹೊಲ

ಮನೆಯವರು ಕೇಳುವ ಪ್ರಶ್ನೆ ಇದು. ಎಂಜಿನ್ ನಿಂತರೆ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ, ತೇಲುತ್ತ ಇಳಿಯುತ್ತದೆ. ಸಾವಿರ ಅಡಿ ಎತ್ತರಕ್ಕೆ ಸುಮಾರು ಎರಡೂವರೆ ಕಿಲೋಮೀಟರ್ ಸಾಗುತ್ತದೆ. 2023ರಲ್ಲಿ ಸಾಂಬ್ರಾದಿಂದ ಎದ್ದ ತರಬೇತಿ ವಿಮಾನವೊಂದು ಹತ್ತಿರದ ಹೊನ್ನಿಹಾಳದ ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದವರು ಬದುಕಿ ಬಂದರು.

ಜಾಗ ಆರಿಸುವುದರಲ್ಲಿ ರೈತರ ಮಕ್ಕಳದ್ದೇ ಮೇಲುಗೈ. ಮೇಲಿನಿಂದ ಹಸಿರು ಹಾಸಿಗೆಯ ಹಾಗೆ ಕಾಣುವುದು ಆಳೆತ್ತರ ಮೀರಿದ ಕಬ್ಬು, ಅದು ಬೇಡ. ಮಳೆ ಬಿದ್ದ ಎರೆಭೂಮಿ ಬೇಡವೇ ಬೇಡ, ಗಾಲಿ ಹೂತು ವಿಮಾನ ಮುಗ್ಗರಿಸುತ್ತದೆ. ಜೋಳ ಕೊಯ್ದು ಕೂಳೆ ಉಳಿದ ಒಣ ಹೊಲ ಒಳ್ಳೆಯದು, ಸಾಲಿಗೆ ಅಡ್ಡವಲ್ಲ, ಸಾಲಿನ ಉದ್ದಕ್ಕೆ. ಕರೆಂಟ್ ತಂತಿ ಮೇಲಿನಿಂದ ಕಾಣುವುದಿಲ್ಲ, ಕಂಬ ಹುಡುಕಿ. ಪಂಪ್‌ಸೆಟ್ ಶೆಡ್ ಇದ್ದಲ್ಲಿ ತಂತಿ ಇದ್ದೇ ಇರುತ್ತದೆ. ನನ್ನ ಕಸುಬು ಅಲ್ಲಿ ಉಪಯೋಗಕ್ಕೆ ಬಂತು ನೋಡಿ.

11. ಒಬ್ಬರೇ

ಒಂದು ದಿನ ಸರ್ಕ್ಯೂಟ್ ಅಭ್ಯಾಸದ ನಡುವೆ, ವಿಮಾನ ನೆಲದ ಮೇಲೆ ನಿಂತಾಗ, ಇನ್‌ಸ್ಟ್ರಕ್ಟರ್ ಬೆಲ್ಟ್ ಬಿಚ್ಚಿ ಇಳಿದು ಹೋಗುತ್ತಾರೆ, ನೀವು ಒಬ್ಬರೇ ಹಾರಬೇಕು. ಮೊದಲೇ ಹೇಳುವುದಿಲ್ಲ. ನನಗೆ ಅದು 22ನೇ ಗಂಟೆಯಲ್ಲಿ ಬಂತು, ಜೊತೆಯ ಹುಡುಗರಿಗೆ 15ರ ಹೊತ್ತಿಗೇ ಬಂದಿತ್ತು. ಹೊಟ್ಟೆಕಿಚ್ಚು ಪಡಬೇಡಿ. ಗೊತ್ತಿರಬೇಕಾದ ಒಂದೇ ಸಂಗತಿ: ಬಲಗಡೆಯ ಭಾರ ಹೋದ ಮೇಲೆ ವಿಮಾನ ನೀವು ಎಣಿಸಿದ್ದಕ್ಕಿಂತ ಬೇಗ ಏರುತ್ತದೆ, ಇಳಿಯುವಾಗ ಜಾಸ್ತಿ ತೇಲುತ್ತದೆ.

12. ಊರಿಂದ ಊರಿಗೆ

ಪಿಪಿಎಲ್‌ಗೆ ಒಬ್ಬರೇ ದೂರ ಹೋಗಿ ಬರಬೇಕು. ಒಂದು ಹಾರಾಟ ಕನಿಷ್ಠ 150 ನಾಟಿಕಲ್ ಮೈಲಿ, ನಡುವೆ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿಯಬೇಕು. ನಕ್ಷೆಯ ಮೇಲೆ ಮನೆಯಲ್ಲೇ ಅಭ್ಯಾಸ ಮಾಡಲು ನಮ್ಮ ಕಡೆಯ ತ್ರಿಕೋನ ಹೇಳಿ ಮಾಡಿಸಿದ ಹಾಗಿದೆ. ಬೆಳಗಾವಿಯಿಂದ ಹುಬ್ಬಳ್ಳಿ ಸುಮಾರು 40, ಹುಬ್ಬಳ್ಳಿಯಿಂದ ಕೊಲ್ಹಾಪುರ 90, ಅಲ್ಲಿಂದ ವಾಪಸ್ 52. ಒಟ್ಟು 180 ದಾಟುತ್ತದೆ. 95 ನಾಟ್‌ನಲ್ಲಿ ಎರಡು ಗಂಟೆಯೊಳಗೆ. ಹುಬ್ಬಳ್ಳಿ 25 ನಿಮಿಷ! ಬಸ್‌ಸ್ಟ್ಯಾಂಡಿಗೆ ಆಟೋದಲ್ಲಿ ಹೋಗುವಷ್ಟರಲ್ಲಿ ಮುಗಿಯಿತು ಅನ್ನಿಸುತ್ತದೆ. ಆದರೆ ಅದರ ಹಿಂದಿನ ಕಾಗದ ಕೆಲಸಕ್ಕೆ ಅರ್ಧ ದಿನ ಬೇಕು. ಫ್ಲೈಟ್ ಪ್ಲಾನ್ ಸಲ್ಲಿಸಬೇಕು, ಏರ್ ಡಿಫೆನ್ಸ್ ಕ್ಲಿಯರೆನ್ಸ್ ನಂಬರ್ ಪಡೆಯಬೇಕು.

ಗುರುತುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಹಲಗಾ ಹತ್ತಿರ ಸುವರ್ಣ ವಿಧಾನಸೌಧ, ಅದರ ಪಕ್ಕದಲ್ಲೇ ಪುಣೆ–ಬೆಂಗಳೂರು ಹೆದ್ದಾರಿ. ನೀರಿನ ಕಂದಕ ಸುತ್ತಿದ ಕೋಟೆ. ಉತ್ತರಕ್ಕೆ ಹಿಡಕಲ್ ಡ್ಯಾಮಿನ ಹಿನ್ನೀರು, ಸವದತ್ತಿ ಕಡೆ ಮಲಪ್ರಭೆಯ ಹಿನ್ನೀರು. ಬೇಸಿಗೆಯಲ್ಲಿ ಹಿನ್ನೀರು ಬತ್ತಿ ನಕ್ಷೆಯ ಆಕಾರಕ್ಕೂ ಕಣ್ಣಿನ ಆಕಾರಕ್ಕೂ ತಾಳೆಯಾಗುವುದಿಲ್ಲ, ಅದೊಂದು ನೆನಪಿರಲಿ. ವಾಯುಪಡೆಯ ಕೇಂದ್ರ ಪಕ್ಕದಲ್ಲಿರುವುದರಿಂದ ಮೊಬೈಲ್ ತೆಗೆದು ಎಲ್ಲೆಂದರಲ್ಲಿ ಫೋಟೋ ಹೊಡೆಯಬೇಡಿ.

ಇದಾದ ಮೇಲೆ ಪರೀಕ್ಷಕರ ಜೊತೆ ಸ್ಕಿಲ್ ಟೆಸ್ಟ್. ಇಷ್ಟು ದಿನ ಮಾಡಿದ್ದನ್ನೇ ಮಾಡಿ ತೋರಿಸುವುದು, ಹೆಚ್ಚೇನೂ ಇಲ್ಲ. ಲಾಗ್‌ಬುಕ್ಕನ್ನು ಅವತ್ತಿನದು ಅವತ್ತೇ ಬರೆದಿಟ್ಟರೆ ಅರ್ಜಿ ಹಾಕುವಾಗ ಅಳಬೇಕಾಗಿಲ್ಲ.

13. ಮೊದಲ ಪ್ರಯಾಣಿಕ

ಲೈಸೆನ್ಸ್ ಬಂದ ಮೇಲೆ ನೆಂಟರು ಸಾಲು ಹಚ್ಚುತ್ತಾರೆ. ನಮ್ಮ ಮನೆಯಲ್ಲಿ ಮೊದಲ ಸರದಿ ಮಾವನದು, ಗೋಕಾಕಿನವರು. "ಅಳಿಯಂದ್ರ, ನಮ್ಮ ಫಾಲ್ಸ್ ಮ್ಯಾಲಿಂದ ಹೆಂಗ ಕಾಣಸ್ತೇತಿ ನೋಡೂಣು ನಡೀರಿ" ಅಂದರು.

ತೂಕ ಕೇಳಲು ನಾಚಬೇಡಿ. ಸೆಸ್ನಾ 152ರ ಗರಿಷ್ಠ ತೂಕ 757 ಕಿಲೋ. ನಾವು ತೆಗೆದುಕೊಂಡ ವಿಮಾನದ ಖಾಲಿ ತೂಕ 520. ನಾನು 78. ಮಾವ ಬಾಯಲ್ಲಿ ಹೇಳಿದ್ದು 85. ಅಷ್ಟಾದರೆ 74 ಕಿಲೋ ಉಳಿಯುತ್ತದೆ. ತುಂಬು ಟ್ಯಾಂಕ್ 98 ಲೀಟರ್, ಲೀಟರಿಗೆ 0.72 ಕಿಲೋದಂತೆ 71. ಸರಿಯಾಗಿ ಕೂರುತ್ತದೆ ಅಂದುಕೊಂಡೆ. ಆದರೂ ನಮ್ಮ ಅಂಗಡಿಯ ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. 98 ತೋರಿಸಿತು.

"ಚಪ್ಪಲಿ ಬಿಡ್ಲೇನು?" ಅಂದರು. ಚಪ್ಪಲಿ ಬಿಟ್ಟರೆ ಎಷ್ಟಾದೀತು. ಉಳಿದದ್ದು 61 ಕಿಲೋ, ಅಂದರೆ 84 ಲೀಟರ್. ಗಂಟೆಗೆ 23 ಲೀಟರ್ ಕುಡಿಯುವ ಎಂಜಿನ್ನಿಗೆ ಗೋಕಾಕ್ ಸುತ್ತಿ ಬರಲು ಅದರ ಅರ್ಧವೂ ಬೇಡ. 80 ಲೀಟರಿಗೆ ನಿಲ್ಲಿಸಿದೆವು. ಮಾವ ಕೈಯಲ್ಲಿ ಹಿಡಿದು ಬಂದಿದ್ದ ಎರಡು ಕಿಲೋ ಕುಂದಾ ಡಬ್ಬಿಯನ್ನು ಇನ್‌ಸ್ಟ್ರಕ್ಟರ್ ಕೈಗೆ ಕೊಟ್ಟು ಹೊರಟೆವು. ವಾಪಸ್ ಬರುವಷ್ಟರಲ್ಲಿ ಡಬ್ಬಿ ಖಾಲಿಯಾಗಿತ್ತು.